ಹೊಳೆಯೋದೇ ಹಾಕಿ ಅಂದೆ

ಶೇಡ್ ಕಾರ್ಡ್ ನಮ್ಮ ಊಟದ ಮೇಜಿನ ಮೇಲೆ ಮೂರು ವಾರ ಬಿದ್ದಿತ್ತು. ಮಗಳಿಗೆ ಬೂದು ಬೇಕು, ಅವಳಪ್ಪನಿಗೆ ಬಿಸ್ಕತ್ತಿನ ಬಣ್ಣ ಸಾಕು, ನನಗೆ ಎಳೆ ಹಸಿರು. ಒಂದೇ ಹಸಿರಿನ ಏಳು ಛಾಯೆಗಳನ್ನು ಕಿಟಕಿಯ ಹತ್ತಿರ ಹಿಡಿದೆವು, ಟ್ಯೂಬ್‌ಲೈಟಿನ ಕೆಳಗೆ ಹಿಡಿದೆವು, ಸೋಫಾದ ಬಟ್ಟೆಗೆ ತಾಗಿಸಿದೆವು. ಕೊನೆಗೆ ಯಾವುದೋ ಒಂದು ನಂಬರಿಗೆ ಮೂವರೂ ತಲೆಯಾಡಿಸಿದೆವು. ಕೆಲಸ ಶುರುವಾಗುವ ದಿನ ಬೆಳಿಗ್ಗೆ ಪೇಂಟರ್ ಬಾಗಿಲಲ್ಲೇ ನಿಂತು ಕೇಳಿದರು: "ಮ್ಯಾಟಾ, ಶೀನಾ ಮೇಡಂ?" ಒಳಗೆ ಹಾಲು ಉಕ್ಕುವುದರಲ್ಲಿತ್ತು. "ಹೊಳೆಯೋದೇ ಹಾಕಿ" ಅಂದೆ. ಬಣ್ಣಕ್ಕೆ ಮೂರು ವಾರ, ಹೊಳಪಿಗೆ ಅರ್ಧ ನಿಮಿಷ.

ಹಾಲ್ ಮುಗಿದ ದಿನ ಹಗಲು ಎಲ್ಲವೂ ಚೆನ್ನಾಗಿಯೇ ಕಂಡಿತು. ಸಂಜೆ ಫಾಲ್ಸ್ ಸೀಲಿಂಗಿನ ಅಂಚಿನಲ್ಲಿ ಅಡಗಿಸಿದ್ದ ಎಲ್‌ಇಡಿ ಪಟ್ಟಿ ಹಚ್ಚಿದೆವು. ಬೆಳಕು ಗೋಡೆಯನ್ನು ಸವರಿಕೊಂಡು ಕೆಳಗಿಳಿಯಿತು. ಇಳಿಯುತ್ತ ಕರಣೆ ಎಳೆದ ಗುರುತು, ಪುಟ್ಟಿಯ ತೇಪೆ, ಹಳೆಯ ಮೊಳೆಯ ತೂತು ಮುಚ್ಚಿದ ಜಾಗ, ವಯರಿಂಗಿಗೆಂದು ಗೋಡೆ ಕೊರೆದು ಮತ್ತೆ ಮೆತ್ತಿದ ಸಾಲು, ಎಲ್ಲವನ್ನೂ ಒಂದೊಂದಾಗಿ ಎತ್ತಿ ತೋರಿಸಿತು. ನಮ್ಮ ಹಸಿರು ಗೋಡೆ ಬಟ್ಟೆ ಒಗೆಯುವ ಕಲ್ಲಿನಂತೆ ಕಾಣುತ್ತಿತ್ತು. ಮರುದಿನ ಪೇಂಟರ್ ನೋಡಿ ತಣ್ಣಗೆ ಅಂದರು: "ಗೋಡೆ ಅಷ್ಟು ಲೆವೆಲ್ ಇಲ್ಲ ಮೇಡಂ. ಮ್ಯಾಟ್ ಹಾಕಿದ್ರೆ ಮುಚ್ಚಿಕೊಂಡು ಹೋಗ್ತಿತ್ತು. ನೀವೇ ಶೈನಿಂಗ್ ಅಂದ್ರಲ್ಲ."

ಅವರ ಮಾತು ನಿಜವೇ. ಆಮೇಲೆ ಉಳಿದ ಕೋಣೆಗಳ ಹೊತ್ತಿಗೆ ಅವರ ಹಿಂದೆಯೇ ಸುತ್ತಿ, ಅಂಗಡಿಯವರನ್ನು ಕಾಡಿ, ಡಬ್ಬಿಯ ಹಿಂದಿನ ಸಣ್ಣಕ್ಷರ ಓದಿ ಒಂದಿಷ್ಟು ಕಲಿತೆ. ನನಗೆ ತಿಳಿದ ಮಟ್ಟಿಗೆ ಹೊಳಪಿನ ಆಯ್ಕೆ ಎರಡು ಪ್ರಶ್ನೆಗಳ ಮೇಲೆ ನಿಂತಿದೆ. ಆ ಗೋಡೆಗೆ ಬೆಳಕು ಯಾವ ಕಡೆಯಿಂದ ಬೀಳುತ್ತದೆ? ಆ ಗೋಡೆಯನ್ನು ಯಾರ ಕೈ ಮುಟ್ಟುತ್ತದೆ?

ಚಟ್ನಿಪುಡಿಯ ಲೆಕ್ಕ

ನೀರಿನ ಬಣ್ಣದ ಡಬ್ಬಿಯಲ್ಲಿ ಮುಖ್ಯವಾಗಿ ಇರುವುದು ಪುಡಿ, ಅಂಟು, ನೀರು. ಪುಡಿಯೆಂದರೆ ಟೈಟಾನಿಯಂ ಡಯಾಕ್ಸೈಡ್ ಎಂಬ ಅಚ್ಚ ಬಿಳಿ, ಅದರ ಜೊತೆಗೆ ಕ್ಯಾಲ್ಸಿಯಂ ಕಾರ್ಬೊನೇಟ್, ಟಾಲ್ಕ್, ಜೇಡಿಮಣ್ಣಿನಂಥ ತುಂಬುವ ಸಾಮಗ್ರಿ, ಮೇಲೆ ನಮ್ಮ ಹಸಿರಿಗೋ ಬೂದಿಗೋ ಬೇಕಾದ ವರ್ಣಕ. ಅಂಟೆಂದರೆ ಅಕ್ರಿಲಿಕ್ ಜಾತಿಯ ರಾಳ. ನೀರು ಒಣಗಿ ಗಾಳಿಗೆ ಸೇರುತ್ತದೆ. ಗೋಡೆಯ ಮೇಲೆ ಉಳಿದ ಪುಡಿಗೆ ಅಂಟು ಎಷ್ಟು ಎಂಬುದರ ಮೇಲೆ ಹೊಳಪಿನ ಲೆಕ್ಕ ನಿಂತಿದೆ.

ಚಟ್ನಿಪುಡಿಗೆ ಎಣ್ಣೆ ಕಲಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಣ್ಣೆ ಧಾರಾಳವಾಗಿ ಹಾಕಿದರೆ ಪುಡಿ ಒಳಗೆ ಮುಳುಗಿ ಮೇಲೆ ಮಿರಮಿರ ಮಿರುಗುವ ಪದರ ನಿಲ್ಲುತ್ತದೆ. ಕೈ ಹಿಡಿದು ಹಾಕಿದರೆ ಕಾಳುಕಾಳಾಗಿ ಪುಡಿ ಮೇಲೆದ್ದಿರುತ್ತದೆ, ಹೊಳಪಿಲ್ಲ. ಬಣ್ಣವೂ ಹಾಗೆಯೇ. ಅಂಟು ಜಾಸ್ತಿಯಿದ್ದರೆ ಮೇಲ್ಮೈ ನುಣುಪು, ಬಿದ್ದ ಬೆಳಕು ಕನ್ನಡಿಯಲ್ಲಿ ತಿರುಗಿದಂತೆ ಒಂದೇ ದಿಕ್ಕಿಗೆ ತಿರುಗುತ್ತದೆ. ಪುಡಿ ಜಾಸ್ತಿಯಿದ್ದರೆ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುತಗ್ಗು, ಬೆಳಕು ಹತ್ತು ದಿಕ್ಕಿಗೆ ಚದುರುತ್ತದೆ. ಚದುರಿದ ಬೆಳಕು ಗೋಡೆಯ ತಪ್ಪನ್ನು ಮುಚ್ಚುತ್ತದೆ. ಆದರೆ ಅಂಟು ಕಡಿಮೆಯಾದ ಪದರ ಕಲೆಯನ್ನು ಬೇಗ ಕುಡಿಯುತ್ತದೆ, ಉಜ್ಜಿದರೆ ಸವೆಯುತ್ತದೆ. ಗೋಡೆ ಚೆಂದ ಕಾಣಬೇಕೋ, ಒರೆಸಿದರೆ ಕಲೆ ಹೋಗಬೇಕೋ ಎಂಬ ಜಗಳ ಹುಟ್ಟುವುದೇ ಇಲ್ಲಿ.

ಹೊಳಪನ್ನು ಅಳೆಯುವ ಉಪಕರಣವೂ ಉಂಟು, ಗ್ಲಾಸ್ ಮೀಟರ್ ಅಂತ. ಸಾಮಾನ್ಯವಾಗಿ 60 ಡಿಗ್ರಿ ಕೋನದಲ್ಲಿ ಬೆಳಕು ಬಿಟ್ಟು, ಅದೇ ಕೋನದಲ್ಲಿ ಎಷ್ಟು ಹಿಂದಿರುಗಿತು ಎಂದು ನೋಡುತ್ತಾರೆ. ನಯಗೊಳಿಸಿದ ಕಪ್ಪು ಗಾಜಿನ ಹೊಳಪನ್ನು 100ಕ್ಕೆ ಹಿಡಿದು ಉಳಿದವುಗಳ ಲೆಕ್ಕ. ಮ್ಯಾಟ್ 10ರ ಒಳಗೇ ಇರುತ್ತದೆ. ಬಾಗಿಲಿಗೆ ಬಳಿಯುವ ಗ್ಲಾಸಿ ಎನಾಮಲ್ 70 ದಾಟುತ್ತದೆ. ನಡುವಿನ ದೊಡ್ಡ ಹರವಿನಲ್ಲಿ ಎಗ್‌ಶೆಲ್, ಸ್ಯಾಟಿನ್, ಸೆಮಿ ಗ್ಲಾಸ್ ಬರುತ್ತವೆ. ಗೋಳಿರುವುದು ಹೆಸರುಗಳಲ್ಲಿ. ಒಂದು ಕಂಪನಿಯ ಸಾಫ್ಟ್ ಶೀನ್ ಇನ್ನೊಂದರ ಸಿಲ್ಕ್, ಮತ್ತೊಂದರ ಲಸ್ಟರ್. ಹೆಸರು ನಂಬಿ ಡಬ್ಬಿ ತರುವುದಕ್ಕಿಂತ ಆ ಹೊಳಪಿನ ಬಣ್ಣ ಬಳಿದ ಮಾದರಿ ಹಲಗೆ ಕೇಳಿ, ಅದನ್ನು ಓರೆಯಾಗಿ ಹಿಡಿದು ನೋಡುವುದು ಕ್ಷೇಮ. ನೇರ ನೋಡಿದರೆ ಎಲ್ಲವೂ ಒಂದೇ ಥರ.

ಹೊಳಪಿನ ಜೊತೆಗೆ ಬಣ್ಣವೂ ಬದಲಾಗುತ್ತದೆ ಎಂಬುದು ನನಗೆ ತಡವಾಗಿ ಹೊಳೆಯಿತು. ಮಲೆನಾಡಿನ ಜಂಬಿಟ್ಟಿಗೆ ಗೋಡೆ ಬೇಸಿಗೆಯಲ್ಲಿ ಮಾಸಲು ಕೆಂಪು, ಮೊದಲ ಮಳೆ ಬಿದ್ದ ಕ್ಷಣ ಕಡುಗೆಂಪು. ಕಲ್ಲು ಅದೇ. ನೀರು ಸಣ್ಣ ಸಣ್ಣ ರಂಧ್ರಗಳನ್ನು ತುಂಬಿದ್ದರಿಂದ ಚದುರುವ ಬೆಳಕು ಕಡಿಮೆಯಾಗಿ ಒಳಗಿನ ಬಣ್ಣ ಗಾಢವಾಗಿ ಕಾಣುತ್ತದೆ. ಹಾಗೆಯೇ ಒಂದೇ ನಂಬರಿನ ಹಸಿರು ಮ್ಯಾಟಿನಲ್ಲಿ ತಿಳಿ, ಶೀನಿನಲ್ಲಿ ಗಾಢ. ನಾವು ಕಾರ್ಡಿನಲ್ಲಿ ಒಪ್ಪಿದ ಎಳೆ ಹಸಿರು ಗೋಡೆಯ ಮೇಲೆ ಕರಿಬೇವಿನ ಎಲೆಯ ಕಡೆ ವಾಲಿದ್ದಕ್ಕೆ ಅರ್ಧ ಕಾರಣ ಇದು.

ಸುಣ್ಣದ ಕಾಲ

ನಮ್ಮ ಅಮ್ಮನ ಮನೆ ಸಾಗರದ ಕಡೆ. ಅಲ್ಲಿ ಹೊಳಪಿನ ಪ್ರಶ್ನೆಯೇ ಇರಲಿಲ್ಲ. ದೀಪಾವಳಿಗೆ ಮೊದಲು ಸುಣ್ಣದ ಕಲ್ಲನ್ನು ಹಂಡೆಗೆ ಹಾಕಿ ನೀರು ಸುರಿದರೆ ಭುಸುಭುಸು ಎಂದು ಕುದಿಯುತ್ತಿತ್ತು, ಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲ. ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ, ಹಿಡಿಯಲೆಂದು ಗಂಜಿ ಬೆರೆಸಿ, ಬಿಳುಪಿಗೆ ಚಿಟಿಕೆ ನೀಲಿ ಹಾಕಿ ನಾರಿನ ಕುಂಚದಿಂದ ಬಳಿಯುವುದು. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ನಿಧಾನಕ್ಕೆ ಮತ್ತೆ ಕಲ್ಲಾಗುತ್ತದೆ. ಕನ್ನಡಿಹೊಳಪು ಅದಕ್ಕೆ ಗೊತ್ತಿಲ್ಲ. ಆ ಸೀಮೆಯ ದೀವರ ಹೆಂಗಸರು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಎಳೆಯುವ ಹಸೆ ಚಿತ್ತಾರ ಅಷ್ಟು ಸ್ಪಷ್ಟವಾಗಿ ಕಾಣುವುದಕ್ಕೆ ಕೆಳಗಿನ ಮಣ್ಣು ಮಂಕಾಗಿರುವುದೂ ಒಂದು ಕಾರಣ. ಹೊಳೆಯುವ ಗೋಡೆಯ ಮೇಲೆ ಅಷ್ಟು ಸಣ್ಣ ಗೆರೆಗಳನ್ನು ಕಿಟಕಿಯ ಬೆಳಕು ನುಂಗಿಬಿಡುತ್ತಿತ್ತು.

ಸುಣ್ಣದ ತೊಂದರೆ ಒಂದೇ, ಗೋಡೆಗೆ ಒರಗಿದರೆ ಬೆನ್ನೆಲ್ಲ ಬಿಳಿ. ಆಮೇಲೆ ಡಿಸ್ಟೆಂಪರ್ ಬಂತು, ಹೊರಗೋಡೆಗೆ ಸ್ನೋಸೆಮ್ ಬಂತು, ಎಮಲ್ಷನ್ ಬಂತು. ಬಣ್ಣದ ಡಬ್ಬಿ ಹಿಡಿದು ಕುಂಚದಿಂದ ತೊಟ್ಟಿಕ್ಕಿಸುತ್ತ ನಿಂತ ಗಟ್ಟು ಎಂಬ ತುಂಟ ಹುಡುಗನನ್ನು ನನ್ನ ವಯಸ್ಸಿನವರು ಮರೆತಿರಲಾರರು. 1954ರಲ್ಲಿ ಏಷ್ಯನ್ ಪೇಂಟ್ಸ್‌ಗಾಗಿ ಅವನನ್ನು ಬರೆದುಕೊಟ್ಟದ್ದು ಮೈಸೂರಿನ ಆರ್.ಕೆ. ಲಕ್ಷ್ಮಣ್.

ಸುಣ್ಣದ ಗೋಡೆಗೆ ಹೊಳಪು ಬಳಿಯಲು ಹೋದ ಕಥೆಯೂ ನಮ್ಮ ಮನೆಯದೇ. ಅಣ್ಣ ಮಗಳ ಮದುವೆಗೆಂದು ಏಪ್ರಿಲ್‌ನಲ್ಲಿ ಜಗುಲಿ, ನಡುಮನೆಗೆಲ್ಲ ಒಳ್ಳೆ ಹೊಳಪಿನ ಎಮಲ್ಷನ್ ಹೊಡೆಸಿದ. ಫೋಟೊಗಳಲ್ಲಿ ಮನೆ ಅರಮನೆಯಂತೆ ಬಂದಿದೆ. ಶ್ರಾವಣದ ಹೊತ್ತಿಗೆ ಗೋಡೆಯಲ್ಲಿ ಗುಳ್ಳೆ ಎದ್ದವು. ಬೆರಳಿಂದ ಒತ್ತಿದರೆ ಬಣ್ಣ ಹಪ್ಪಳದ ಹಾಗೆ ಮುರಿದು ಕೈಗೆ ಬರುತ್ತಿತ್ತು. ಹಪ್ಪಳದ ಹಿಂಬದಿಗೆ ನಲವತ್ತು ವರ್ಷದ ಸುಣ್ಣದ ಪುಡಿ ಅಂಟಿಕೊಂಡಿತ್ತು. ಬಣ್ಣ ಗೋಡೆಯನ್ನು ಹಿಡಿದಿರಲೇ ಇಲ್ಲ, ಉದುರಲು ಕಾದಿದ್ದ ಪುಡಿಯನ್ನು ಹಿಡಿದಿತ್ತು. ಮೇಲಾಗಿ ಮಳೆಗಾಲದಲ್ಲಿ ನೆಲದಿಂದ ಏರುವ ತೇವ ಸುಣ್ಣದಲ್ಲಾದರೆ ಹಾಗೇ ಆರಿ ಹೋಗುತ್ತಿತ್ತು. ದಟ್ಟ ಹೊಳಪಿನ ಪದರ ಬಾಗಿಲು ಹಾಕಿದ್ದರಿಂದ ಹಿಂದೆಯೇ ನಿಂತು ತಳ್ಳಿತು. ಮಲೆನಾಡಿನಲ್ಲಿ, ಕರಾವಳಿಯಲ್ಲಿ, ಹಳೆಯ ಮಣ್ಣಿನ ಅಥವಾ ಜಂಬಿಟ್ಟಿಗೆಯ ಗೋಡೆಗೆ ಹೊಳಪು ಬಳಿಯುವ ಮುನ್ನ ಎರಡು ಸಲ ಯೋಚಿಸಿ. ಬಳಿಯಲೇಬೇಕೆಂದರೆ ಹಳೆ ಸುಣ್ಣವನ್ನು ಪೂರ್ತಿ ಹೆರೆದು, ತೇವದ ಮೂಲ ಹುಡುಕಿ ಸರಿಪಡಿಸಿ, ಆಮೇಲೆ ಪ್ರೈಮರ್. ಅಣ್ಣ ಈಗ ಜಗುಲಿಗೆ ಮತ್ತೆ ಸುಣ್ಣವನ್ನೇ ಹೊಡೆಸುತ್ತಾನೆ, ಮದುವೆಯ ಫೋಟೊ ಯಾರಾದರೂ ತೆಗೆದರೆ ಮಾತು ಬದಲಿಸುತ್ತಾನೆ.

ಹೊಸ ಮನೆಗಳಲ್ಲಿ ಇದರದೇ ಇನ್ನೊಂದು ರೂಪವಿದೆ. ಆಷಾಢ ಬರುವುದರೊಳಗೆ ಗೃಹಪ್ರವೇಶ ಆಗಬೇಕು, ಪುರೋಹಿತರು ದಿನ ಕೊಟ್ಟಾಗಿದೆ, ಗಾರೆ ಇನ್ನೂ ಹಸಿ. ಸಿಮೆಂಟ್ ಗಾರೆ ನಾಲ್ಕು ವಾರವಾದರೂ ಕಳೆದು, ನೀರು ಆರಿ, ಕ್ಷಾರ ತಗ್ಗುವವರೆಗೆ ಬಣ್ಣ ತಾಗಿಸಬಾರದು. ಮುಹೂರ್ತ ಕಾಯುವುದಿಲ್ಲವೆಂದಾದರೆ ಪ್ರೈಮರ್ ಮೇಲೆ ಒಂದು ಕೋಟ್ ಅಗ್ಗದ ಮ್ಯಾಟ್ ಹೊಡೆದು ಹಾಲು ಉಕ್ಕಿಸಿ. ಹೊಳಪು ಮುಂದಿನ ವರ್ಷಕ್ಕಿರಲಿ.

ಬೆಳಕಿನ ಕಡೆಯಿಂದ

ಗೋಡೆ ಹೊಳಪಿಗೆ ತಕ್ಕದ್ದೇ ಎಂದು ತಿಳಿಯಲು ಹಳೆಯ ಪೇಂಟರುಗಳ ಒಂದು ವಿದ್ಯೆ ಇದೆ. ಪುಟ್ಟಿ ಉಜ್ಜುವಾಗ ಉದ್ದ ವೈರಿಗೆ ಬಲ್ಬ್ ಕಟ್ಟಿ ಗೋಡೆಗೆ ಒತ್ತಿಕೊಂಡು ಹಿಡಿಯುತ್ತಾರೆ. ಅಡ್ಡ ಬೀಳುವ ಬೆಳಕಿಗೆ ಒಂದೊಂದು ಉಬ್ಬೂ ತನ್ನ ನೆರಳು ಚಾಚುತ್ತದೆ. ಅಲ್ಲಿ ಪೆನ್ಸಿಲ್ ಗುರುತು ಹಾಕಿ ಮತ್ತೆ ಉಪ್ಪುಕಾಗದ ಹಿಡಿಯುತ್ತಾರೆ. ನೀವೂ ರಾತ್ರಿ ಲೈಟ್ ಆರಿಸಿ ಮೊಬೈಲಿನ ಟಾರ್ಚನ್ನು ಗೋಡೆಗೆ ತಾಗಿಸಿ ಓಡಿಸಿ ನೋಡಿ. ಕಂಡದ್ದನ್ನು ಸಹಿಸಿಕೊಳ್ಳುವ ಶಕ್ತಿ ಇದ್ದರೆ ಶೀನ್ ಹಾಕಿಸಿ.

ಸೀಲಿಂಗಿಗೆ ಚರ್ಚೆ ಬೇಡ, ಅಚ್ಚ ಬಿಳಿ ಮ್ಯಾಟ್. ಅದನ್ನು ಯಾರೂ ಮುಟ್ಟುವುದಿಲ್ಲ, ಕಿಟಕಿಯ ಬೆಳಕೆಲ್ಲ ಅದರ ಮೇಲೆ ಓರೆಯಾಗಿಯೇ ಬೀಳುತ್ತದೆ. ಪರಿಚಿತರೊಬ್ಬರ ಮಲಗುವ ಕೋಣೆಯಲ್ಲಿ ಹೊಳೆಯುವ ಸೀಲಿಂಗ್ ನೋಡಿದ್ದೇನೆ. ಫ್ಯಾನ್ ತಿರುಗಿದಾಗ ಅದರ ರೆಕ್ಕೆಗಳ ಪ್ರತಿಬಿಂಬ ತಲೆಯ ಮೇಲೆ ಬಾವಲಿಯಂತೆ ಸುತ್ತುತ್ತಿತ್ತು. ಅವರು ಹೇಗೆ ನಿದ್ದೆ ಮಾಡುತ್ತಾರೋ.

ಹಾಲಿನಲ್ಲಿ ದೊಡ್ಡ ಕಿಟಕಿಗೆ ಮಗ್ಗುಲಾಗಿರುವ ಗೋಡೆ, ಎಲ್‌ಇಡಿ ಪಟ್ಟಿಯ ಕೆಳಗಿನ ಗೋಡೆ, ಟಿವಿಯ ಎದುರಿನ ಗೋಡೆ, ಮೂರಕ್ಕೂ ಮ್ಯಾಟ್ ಚೆನ್ನ. ಕಲಬುರಗಿ, ವಿಜಯಪುರದ ಬಿಸಿಲಿನಲ್ಲಿ ಈ ಮಾತು ಇನ್ನಷ್ಟು ಸತ್ಯ. ಅಲ್ಲಿ ಮಧ್ಯಾಹ್ನದ ಕಿಟಕಿಯೆದುರು ಬಿಳಿ ಶೀನ್ ಗೋಡೆ ಕಣ್ಣು ಕುಕ್ಕುತ್ತದೆ. ಬೆಳಕು ಕಡಿಮೆ ಬರುವ ಒಳಕೋಣೆಗೆ ಹೊಳಪು ಹಾಕಿದರೆ ಬೆಳಕು ಹೆಚ್ಚುತ್ತದೆ ಎನ್ನುವವರಿದ್ದಾರೆ. ಬೆಳಕು ಹೆಚ್ಚಾಗುವುದು ಮುಖ್ಯವಾಗಿ ತಿಳಿ ಬಣ್ಣದಿಂದ. ಹೊಳಪು ಇದ್ದೊಂದು ಬಲ್ಬನ್ನೇ ಗೋಡೆಯಲ್ಲೂ ತೋರಿಸುತ್ತದೆ, ಅಷ್ಟೇ.

ಕೈ ತಾಗುವ ಗೋಡೆಗಳು

ಅಡುಗೆಮನೆಯಲ್ಲಿ ಲೆಕ್ಕ ತಿರುಗುಮುರುಗು. ದಿನಕ್ಕೆ ಎರಡು ಒಗ್ಗರಣೆ ಎಂದರೂ ಎಣ್ಣೆಯ ಹನಿ ಹೊಗೆಯಾಗಿ ಎದ್ದು ಟೈಲ್ಸ್ ಮೇಲಿನ ಗೋಡೆಗೆ, ಅಟ್ಟದ ಕೆಳಭಾಗಕ್ಕೆ ಕೂರುತ್ತದೆ. ಅದರ ಮೇಲೆ ಧೂಳು. ವರ್ಷ ಕಳೆದರೆ ಜಿಗಟು. ಮ್ಯಾಟ್ ಇದನ್ನು ಕುಡಿದುಬಿಡುತ್ತದೆ, ಉಜ್ಜಿದರೆ ಉಜ್ಜಿದಷ್ಟು ಜಾಗ ನಯವಾಗಿ ಮಿನುಗಿ ಬೇರೆಯಾಗಿ ಕಾಣುತ್ತದೆ. ಇಲ್ಲಿ ಸ್ಯಾಟಿನ್ ಅಥವಾ ಸೆಮಿ ಗ್ಲಾಸ್ ಹಾಕಿ, ಗೋಡೆಯ ಉಬ್ಬುತಗ್ಗನ್ನು ಡಬ್ಬಗಳ ಸಾಲು ಮುಚ್ಚುತ್ತದೆ. ಒರೆಸಲು ಮೆತ್ತನೆ ಬಟ್ಟೆ, ಸೋಪಿನ ನೀರು ಸಾಕು. ಪಾತ್ರೆ ತಿಕ್ಕುವ ಹಸಿರು ನಾರು ಹೊಳಪನ್ನೇ ಗೀರಿ ತೆಗೆಯುತ್ತದೆ. ಬಣ್ಣ ಹೊಡೆದು ಮೂರು ನಾಲ್ಕು ವಾರ ಅದೂ ಬೇಡ. ಮುಟ್ಟಿದರೆ ಒಣಗಿರುತ್ತದೆ, ಒಳಗೆ ಗಟ್ಟಿಯಾಗಲು ಅಷ್ಟು ದಿನ ಬೇಕು.

ದೇವರ ಮನೆಗೂ ಸ್ಯಾಟಿನ್. ಎಣ್ಣೆದೀಪದ, ಕರ್ಪೂರದ ಮಸಿಯನ್ನು ಮೊದಲು ಒಣ ಬಟ್ಟೆಯಲ್ಲಿ ಝಾಡಿಸಿ ತೆಗೆಯಬೇಕು. ಒದ್ದೆ ಬಟ್ಟೆ ಮೊದಲು ಹಿಡಿದರೆ ಗೋಡೆಗೆ ಕಾಡಿಗೆ ಹಚ್ಚಿದಂತೆ. ಬಚ್ಚಲಲ್ಲಿ ಟೈಲ್ಸ್ ಮೇಲಿನ ಭಾಗಕ್ಕೆ ಬೂಷ್ಟು ತಡೆಯುವ, ಹೊಳಪಿರುವ ಬಣ್ಣ, ಜೊತೆಗೊಂದು ಎಕ್ಸಾಸ್ಟ್ ಫ್ಯಾನ್. ಮೇಲಿನ ಫ್ಲ್ಯಾಟಿನ ಪೈಪು ಸೋರುತ್ತಿದ್ದರೆ ಯಾವ ಡಬ್ಬಿಯೂ ಕಾಯುವುದಿಲ್ಲ.

ಮಕ್ಕಳ ಕೋಣೆಗೆ ಈಗ ತೊಳೆಯಬಹುದಾದ ಮ್ಯಾಟ್ ಬಂದಿದೆ. ಒಳ್ಳೆಯ ರಾಳ ಹಾಕಿ ಮಾಡಿದ್ದು, ಬೆಲೆ ಜಾಸ್ತಿ, ಕ್ರೇಯಾನಿನ ಗೀಚು ಬಹುಮಟ್ಟಿಗೆ ಹೋಗುತ್ತದೆ. ಸ್ವಿಚ್‌ಬೋರ್ಡಿನ ಸುತ್ತ, ಮೆಟ್ಟಿಲ ಪಕ್ಕ, ಸೈಕಲ್ ಒರಗಿಸುವ ಪ್ಯಾಸೇಜಿಗೆ ಸಾಫ್ಟ್ ಶೀನ್ ಸಾಕು. ಬಾಡಿಗೆ ಮನೆಯಾದರೆ ಮಾತೇ ಬೇರೆ. ಬೆಂಗಳೂರಲ್ಲಿ ಖಾಲಿ ಮಾಡುವಾಗ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವುದು ವಾಡಿಕೆ. ಹಾಗೆ ಮುರಿದುಕೊಂಡ ಮಾಲೀಕರು ಬಳಿಸುವುದು ಬಹಳ ಸಲ ಡಿಸ್ಟೆಂಪರ್. ಅವರ ಕಡೆಯಿಂದ ನೋಡಿದರೆ ಅದೂ ಸರಿಯೇ. ಮಂಕು ಗೋಡೆಗೆ ಅಲ್ಲಲ್ಲಿ ಟಚ್ ಅಪ್ ಮಾಡಿದರೆ ಅಷ್ಟಾಗಿ ತಿಳಿಯುವುದಿಲ್ಲ. ಹೊಳಪಿನ ಗೋಡೆಯಲ್ಲಿ ತೇಪೆ ದೂರಕ್ಕೇ ಕಾಣುತ್ತದೆ, ಮೂಲೆಯಿಂದ ಮೂಲೆಗೆ ಇಡೀ ಗೋಡೆ ಬಳಿಯಬೇಕಾಗುತ್ತದೆ.

ಬಾಗಿಲು, ಕಿಟಕಿ, ಗ್ರಿಲ್ಲಿಗೆ ಎನಾಮಲ್. ಹೊಳಪನ್ನು ಹೊಳಪೆಂದೇ ಮೆಚ್ಚುವುದಿದ್ದರೆ ಅದು ಮರದ ಮೇಲೆ. ಚನ್ನಪಟ್ಟಣದಲ್ಲಿ ತಿರುಗುವ ಗೊಂಬೆಗೆ ಅರಗಿನ ಕಡ್ಡಿ ಒತ್ತಿ, ಆ ಬಿಸಿಗೆ ಕರಗಿದ ಬಣ್ಣವನ್ನು ಗರಿಯಿಂದ ಉಜ್ಜಿ ಹೊಳಪು ಬರಿಸುವುದನ್ನು ನೋಡಿದವರು ಎನಾಮಲ್ ಹೊಳಪಿಗೆ ಮರುಳಾಗುವುದಿಲ್ಲ. ಮೈಸೂರಿನಲ್ಲಿ 1937ರಲ್ಲಿ ಶುರುವಾದ ಸರ್ಕಾರಿ ಬಣ್ಣದ ಕಾರ್ಖಾನೆಯ ಹೆಸರಲ್ಲೂ ಮೊದಲು ಅರಗು ಇತ್ತು. ಮತದಾರರ ಬೆರಳಿಗೆ ಹಚ್ಚುವ ಅಳಿಸದ ಶಾಯಿ ಅಲ್ಲಿಂದಲೇ ಬರುವುದು.

ಎಣ್ಣೆ ಎನಾಮಲ್‌ನ ಬಿಳಿಗೆ ಒಂದು ವಿಚಿತ್ರ ಗುಣವಿದೆ, ಕತ್ತಲಲ್ಲಿ ಹಳದಿಯಾಗುತ್ತದೆ. ಬಾಗಿಲ ಹಿಂದೆ ನೇತುಹಾಕಿದ ಕ್ಯಾಲೆಂಡರ್ ತೆಗೆದಾಗ ಕೆಳಗೆ ಬೆಣ್ಣೆಬಣ್ಣದ ಚೌಕ ಕಾಣುವುದು ಅದಕ್ಕೇ. ನೀರಿನ ಎನಾಮಲ್‌ಗೆ ಈ ಕಾಟ ಬಹಳ ಕಡಿಮೆ. ಇದಕ್ಕಿಂತ ಗಂಭೀರವಾದ ಸಂಗತಿ ಸೀಸ. ಹಳೆಯ ಎನಾಮಲ್‌ಗಳಲ್ಲಿ, ಅದರಲ್ಲೂ ಹಳದಿ, ಕೆಂಪಿನಂಥ ಗಾಢ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. 2016ರಲ್ಲಿ ಬಂದ ಕೇಂದ್ರದ ನಿಯಮ 2017ರ ನವೆಂಬರ್ 1ರಿಂದ ಮನೆ ಬಣ್ಣಗಳಲ್ಲಿ ಸೀಸವನ್ನು 90 ಪಿಪಿಎಂ ಮಿತಿಗೆ ಇಳಿಸಿತು. ಅದಕ್ಕೂ ಹಿಂದಿನ ಕಿಟಕಿಗಳು ನಮ್ಮ ಮನೆಗಳಲ್ಲಿ ಹಾಗೇ ಇವೆ. ಹಳೆಯ ಹೊಳಪನ್ನು ಉಜ್ಜದೆ ಹೊಸದು ಬಳಿದರೆ ಅದು ಹಿಡಿಯುವುದಿಲ್ಲ, ಒಣಗಿದ್ದನ್ನೇ ಉಜ್ಜಿದರೆ ಆ ಪುಡಿ ಮನೆಯೆಲ್ಲ ಹಾರುತ್ತದೆ. ನೀರು ಹಾಕಿ ವಾಟರ್ ಪೇಪರಿನಲ್ಲಿ ಉಜ್ಜಿಸಿ, ಬಿದ್ದದ್ದನ್ನು ಒದ್ದೆ ಬಟ್ಟೆಯಲ್ಲಿ ಬಳಿದು ತೆಗೆಯಿರಿ. ಆ ದಿನ ಮಕ್ಕಳೂ ಬಸುರಿಯರೂ ಮನೆಯಲ್ಲಿರುವುದು ಬೇಡ.

ಕೊನೆಗೆ ಉಳಿದದ್ದು ಅಮ್ಮನ ಕೋಣೆ. ವರ್ಷದಲ್ಲಿ ಆರು ತಿಂಗಳು ನಮ್ಮಲ್ಲಿರುತ್ತಾಳೆ. ಮಂಚದ ಮೇಲೆ ಕಾಲು ಚಾಚಿ, ತಲೆಯನ್ನು ಗೋಡೆಗೆ ಕೊಟ್ಟು ಪೇಪರ್ ಓದುವುದು ರೂಢಿ. ತಲೆಗೆ ದಿನವೂ ಕೊಬ್ಬರಿ ಎಣ್ಣೆ. ಹಳೆಯ ಡಿಸ್ಟೆಂಪರ್ ಮೇಲೆ ಊಟದ ತಟ್ಟೆಯಷ್ಟು ದುಂಡನೆಯ ಕಲೆ ಬಿದ್ದಿತ್ತು. ಪೇಂಟರ್ ಅದರ ಮೇಲೆ ಒಂದು ಕೋಟ್ ಹೊಡೆದರು, ಮರುದಿನ ಕಲೆ ಮೇಲೆ ಬಂತು. ಇನ್ನೊಂದು ಹೊಡೆದರು, ಮತ್ತೆ ಬಂತು. ನೀರಿನ ಬಣ್ಣಕ್ಕೆ ಎಣ್ಣೆಯನ್ನು ಕಟ್ಟಿಹಾಕಲು ಆಗುವುದಿಲ್ಲ. ಆ ಜಾಗವನ್ನು ಸೋಪಿನ ನೀರಲ್ಲಿ ತೊಳೆದು, ಹೆರೆದು, ಆಯಿಲ್ ಪ್ರೈಮರ್ ಹೊಡೆದ ಮೇಲೆ ನಿಂತಿತು. ಆ ಒಂದು ಗೋಡೆಗೆ ಮಾತ್ರ ಸ್ಯಾಟಿನ್, ಉಳಿದ ಮೂರಕ್ಕೆ ಅದೇ ನಂಬರಿನ ಮ್ಯಾಟ್ ಹಾಕಿಸಿದೆ. ಮಂಚದ ಪಕ್ಕದ್ದು ಒಂದು ಗುಲಗಂಜಿಯಷ್ಟು ಗಾಢವಾಗಿ ಕಾಣುತ್ತದೆ. ಬೇಕೆಂದೇ ಮಾಡಿಸಿದ್ದು ಎಂದು ಬಂದವರು ತಿಳಿದುಕೊಳ್ಳುತ್ತಾರೆ.

ಮೊದಲ ವಾರ ಅಮ್ಮ ಗೋಡೆ ಬಿಟ್ಟು ಮುಂದೆ ಸರಿದು ಕೂತಿದ್ದಳು, ಬೆನ್ನಿಗೆ ದಿಂಬೂ ಇಲ್ಲದೆ.

"ಯಾಕೆ ಹಾಗೆ ಕೂತಿದ್ದಿ? ಒರಗಿಕೋ."

"ಹೊಸ ಬಣ್ಣ ಕಣೇ. ಎಣ್ಣೆ ಹತ್ತುತ್ತೆ."

"ಹತ್ತಿದರೆ ಒರೆಸಿದರಾಯಿತು. ಅದಕ್ಕೇ ಬೇರೆ ಬಣ್ಣ ಹಾಕಿಸಿದ್ದು."

ನಂಬಲಿಲ್ಲ. ಬಿಳಿ ಟವೆಲ್ಲೊಂದನ್ನು ನಾಲ್ಕು ಮಡಿಕೆ ಮಾಡಿ ಗೋಡೆಗೆ ಹಿಡಿದು, ಅದಕ್ಕೆ ತಲೆ ಕೊಟ್ಟು ಪೇಪರ್ ಬಿಡಿಸಿದಳು. ಟವೆಲ್ ಈಗಲೂ ಅಲ್ಲೇ ಇದೆ.